ದೊಡ್ಡಬಾಯಾರು ತಿನ್ನದ ಕಡಬು

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೇಳುತ್ತಾರೆ. ಬದುಕಿದ್ದಾಗ ಆಡುವ ಎದೆಗಾರಿಕೆ ಇವರಲ್ಲಿ ಒಬ್ಬರಿಗೂ ಇರಲಿಲ್ಲ. ಸತ್ತ ಮೇಲೆ ಆಡಬಾರದಂತೆ. ಹಾಗಾದರೆ ಆಡುವುದು ಯಾವಾಗ? ನಾನಂತೂ ಆಡುವವಳೇ. ಕೇಳಿಸಿಕೊಳ್ಳಲು ಇಷ್ಟವಿಲ್ಲದವರು ಪುಟ ಮಗುಚಲಿ.

ದೊಡ್ಡಬಾಯಾರು ಹೋದ ತಿಂಗಳು ಭಾಲ್ಕಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಬೀದರದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರು ಬಹಳ ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ, ಅವರೆಲ್ಲರ ಮೇಲಿನವರು ದೊಡ್ಡಬಾಯಾರು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಸೊಸೆಗೆ ನೋವಾಗುತ್ತದೆ, ಆ ಹುಡುಗಿ ನನಗೇನೂ ಮಾಡಿಲ್ಲ. ಶಾಲೆಯ ಸಂಚಿಕೆಗೆ ಅವರ ಬಗ್ಗೆ ಎರಡು ಒಳ್ಳೆಯ ಮಾತು ಬರೆದುಕೊಡಿ ಎಂದರು, ಬರೆದುಕೊಟ್ಟೆ. ಆ ಎರಡು ಮಾತು ಅಲ್ಲಿಗೆ ಸರಿ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಳೆತ್ತರದ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಕರ್ಚೀಫು. ವರಾಂಡದಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಹತ್ತನೆಯ ತರಗತಿಯ ಹುಡುಗಿಯರೂ ತುಟಿ ಹೊಲಿದುಕೊಂಡು ಕೂಡುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್‌ರೂಮಿಗೆ ಬರುವುದು ಅವರ ಪದ್ಧತಿ. ಕೈಯಲ್ಲಿ ಒಂದು ಚಮಚ. ಒಬ್ಬೊಬ್ಬರ ಡಬ್ಬಿಯ ಮುಂದೆ ನಿಂತು ಚೂರು ರುಚಿ ನೋಡಿ ತೀರ್ಪು ಕೊಡುವುದು. "ಖಾರ ಸಾಲ್ದು." "ಬ್ಯಾಳಿ ಹಳೀವು ಅದಾವ, ಕಿರಾಣಿಯವಗ ಹೇಳ್ರಿ." "ಇದು ನಿಮ್ಮತ್ತಿ ಮಾಡಿದ್ದು, ನಿಮ್ದಲ್ಲ." ಈ ಕೊನೆಯದು ಪ್ರತಿ ಸಲ ನಿಜವಾಗಿರುತ್ತಿತ್ತು. ಡಬ್ಬಿ ನೋಡಿದರೆ ಮನೆ ಗೊತ್ತಾಗುತ್ತದೆ ಎನ್ನುವುದು ಅವರ ಮಾತು.

ನನ್ನ ಡಬ್ಬಿಯ ಮುಂದೆ ಬಂದಾಗ ಮಾತ್ರ ಚಮಚ ಕೆಳಗಿಳಿಯುತ್ತಿರಲಿಲ್ಲ. "ನಿಮ್ದು ಛಲೋನs ಇರ್ತದ ಬಿಡ್ರಿ" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಬಿ.ಎಡ್. ಮುಗಿಸಿ ಗಣಿತ ಕಲಿಸಲು ಬಂದವಳು ನಾನು, ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ನಾನು ಔರಾದ ತಾಲ್ಲೂಕಿನ ಸಂತಪುರದವಳು, ಅಲ್ಲಿಯ ಭೀಮನಗರದವಳು. ಓಣಿಯ ಹೆಸರು ಕೇಳಿದರೆ ಸಾಕು, ನಮ್ಮ ಕಡೆ ಜಾತಿ ಗೊತ್ತಾಗುತ್ತದೆ. ನಾವು ಬೌದ್ಧರು. ಅಪ್ಪ ಗೋಡೆಗೆ ಬುದ್ಧನ ಫೋಟೋ ಹಾಕಿದ ದಿನದಿಂದ ಮನೆಯಲ್ಲಿ ದೇವರ ಹಬ್ಬಗಳೆಲ್ಲ ನಿಂತವು. ಎಳ್ಳಮಾಸಿ ಒಂದು ಮಾತ್ರ ನಿಲ್ಲಲಿಲ್ಲ. "ಅದು ದ್ಯಾವ್ರ ಹಬ್ಬಲ್ಲ, ಹೊಲದ ಹಬ್ಬ" ಎನ್ನುತ್ತಿದ್ದ ಅಪ್ಪ.

ಎಳ್ಳು ಅಮಾವಾಸ್ಯೆಯ ದಿನ ಬೀದರ ಜಿಲ್ಲೆಯಲ್ಲಿ ಊರೊಳಗೆ ಒಂದು ನರಪಿಳ್ಳೆ ಸಿಗುವುದಿಲ್ಲ. ಎಲ್ಲರೂ ಹೊಲದಲ್ಲಿ. ಎದೆಮಟ್ಟ ನಿಂತ ಜೋಳದ ನಡುವೆ ದಂಟಿನ ಕೊಂಪೆ ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲಿಟ್ಟು, ಚರಗ ಎಂದು ಅಡುಗೆಯ ತುತ್ತನ್ನು ಬೆಳೆಗೆ ಚೆಲ್ಲಿ, ಆಮೇಲೆ ಊಟಕ್ಕೆ ಕೂಡುವುದು. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯಬೇಕು. ಕಚೇರಿಯವರು, ಶಾಲೆಯವರು, ಬಾಡಿಗೆ ಮನೆಯವರು, ಯಾರಾದರೂ ಸರಿ. ಆ ದಿನ ಒಬ್ಬ ಪರಸ್ಥಳದವನಾದರೂ ನಿಮ್ಮ ಹೊಲದಲ್ಲಿ ಉಣ್ಣದಿದ್ದರೆ ಹಬ್ಬ ಆದಂತಲ್ಲ.

ದೊಡ್ಡಬಾಯಾರಿಗೆ ಭಾಲ್ಕಿಯ ಹತ್ತಿರ ಹೊಲವಿತ್ತು. ಪ್ರತಿ ವರ್ಷ ಇಡೀ ಸ್ಟಾಫನ್ನು ಅಲ್ಲಿಗೆ ಒಯ್ಯುತ್ತಿದ್ದರು. ಅವರು ಹಬ್ಬದ ಅಡುಗೆಯ ಯೋಜನೆ ಹಾಕುವುದನ್ನು ನೋಡಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಅಂಥ ತಲೆ ನಾನು ಮತ್ತೊಂದು ನೋಡಿಲ್ಲ. ಭಜ್ಜಿಯೇ ಆ ದಿನದ ರಾಜ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯ, ಬದನೆ, ಗಜ್ಜರಿ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟಿನಲ್ಲಿ ಕುದಿಸಿದ ಗಟ್ಟಿ ಪಲ್ಯ. ಯಾವ ಕಾಳು ಮೊದಲು ಬೀಳಬೇಕು, ಯಾವುದು ಕೊನೆಗೆ, ಬಿಸಿಲೇರಿದರೆ ಅಂಬಲಿಯನ್ನು ಎಲ್ಲಿ ಇಡಬೇಕು, ಯಾರ ಕೂಸಿಗೆ ಖಾರವಿಲ್ಲದ್ದು ಬೇಕು, ಎಲ್ಲ ಅವರ ತಲೆಯಲ್ಲಿ. "ಉಣ್ಣಾವ್ರು ಯಾರಂತ ಮೊದಲ ತಿಳಕೋರಿ, ಆಮ್ಯಾಲ ಒಲಿ ಹಚ್ಚರಿ" ಎನ್ನುತ್ತಿದ್ದರು. ಈ ಮಾತನ್ನು ನಾನು ಚೆನ್ನಾಗಿ ಕಲಿತೆ. ಎಷ್ಟು ಚೆನ್ನಾಗಿ ಎಂದು ಅವರಿಗೆ ಕೊನೆಗೆ ಗೊತ್ತಾಯಿತು.

ಮೊದಲನೆಯ ವರ್ಷ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಕೆಲಸ ಹಂಚಿದರು. ಒಬ್ಬರಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಒಬ್ಬರಿಗೆ ಶೇಂಗಾ ಹೋಳಿಗೆ, ಒಬ್ಬರಿಗೆ ಪುಂಡಿಪಲ್ಯ. ನನ್ನ ಸರದಿ ಬಂತು.

"ನೀವು ಬಾಳಿಹಣ್ಣು ಮತ್ತ ಪತ್ರಾವಳಿ ತರ್ರಿ."

"ನಮ್ಮವ್ವ ಕಡಬು ಭಾಳ ಛಲೋ ಮಾಡ್ತಾಳ್ರಿ ಬಾಯಾರ. ತರ್ತೇನಿ" ಎಂದೆ.

"ಬ್ಯಾಡವ್ವ, ಸಂತಪುರದಿಂದ ಬಸ್ಸಿನ್ಯಾಗ ಬರಾಕಿ ನೀನು. ಯಾಕ ತ್ರಾಸ ತಗೋತಿ? ಬಾಳಿಹಣ್ಣು ಇಲ್ಲೇ ಸಿಗ್ತಾವ" ಎಂದು ಬೆನ್ನ ಮೇಲೆ ಕೈ ಆಡಿಸಿದರು. ತಾಯಿಯಂಥ ಹೆಂಗಸು ಎಂದು ನನ್ನ ಕಣ್ಣು ಒದ್ದೆಯಾದವು, ಅಷ್ಟು ಬೋಳೆ ನಾನು.

ಮರುವರ್ಷ ಕಮಠಾಣದಿಂದ ಹೊಸ ಬಾಯಾರೊಬ್ಬರು ಸೇರಿದರು. ಅವರೂ ಬಸ್ಸಿನಲ್ಲೇ ಬರುವವರು. ಅವರಿಗೆ ದೊಡ್ಡಬಾಯಾರು "ಕಡಬು ನೀವು ತರ್ರಿ" ಎಂದರು. ನನಗೆ ಮತ್ತೆ ಬಾಳೆಹಣ್ಣು. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಮೊರದಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಹಣ್ಣಿಗಿ ಸಿಪ್ಪಿ ಇರ್ತದವ್ವ. ಸುಲದು ತಿಂತಾರ. ಇಷ್ಟು ಓದಿದಿ, ಅಷ್ಟೂ ತಿಳೀಲಿಲ್ಲೇನು?"

ಮೈಯೆಲ್ಲ ಉರಿಯಿತು ನೋಡಿ. ಚಮಚ ನನ್ನ ಡಬ್ಬಿಗೆ ಯಾಕೆ ಇಳಿಯುತ್ತಿರಲಿಲ್ಲ ಎಂಬುದೂ ಆ ಕ್ಷಣ ತಿಳಿಯಿತು. ಅವ್ವ ಮೊರ ಬದಿಗಿಟ್ಟು ಹೇಳಿದಳು, "ತಡಿ, ನಾ ಕಡಬು ಮಾಡಿ ಕೊಡ್ತೇನಿ. ಒಮ್ಮಿ ಬಾಯಿಗಿ ಬಿತ್ತಂದ್ರ ಮರುವರ್ಷ ತಾವs ಕೇಳ್ತಾರ." ಕಳೆ ತೆಗೆದು ತೆಗೆದು ಸೊಟ್ಟಗಾದ ಬೆರಳು ನಮ್ಮವ್ವನವು. ಆ ಬೆರಳುಗಳಿಂದ ಕಡಬಿನ ಅಂಚಿಗೆ ಅವಳು ಹಾಕುವ ನಿರಿಗೆಯನ್ನು ಸೀರೆ ಉಡುವವರೂ ಹಾಕಲಾರರು. ಹೂರಣದ ಕಡಬು ತುಂಬಿದ ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

ಭಾಲ್ಕಿಯ ಹೊಲದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಾನು ಡಬ್ಬಿ ತೆಗೆದು ಮುಂದಿಟ್ಟೆ. ದೊಡ್ಡಬಾಯಾರ ಮುಖ ಚೂರೂ ಬದಲಾಗಲಿಲ್ಲ. ಇಂಥದ್ದರಲ್ಲಿ ಅವರು ಪಳಗಿದವರು. "ಅಯ್ಯ ಎಷ್ಟ ಚಂದ ಅದಾವ!" ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಇಂಥಾವು ಮೊದಲ ಎತ್ತಿಗೆ ಸಲ್ಲಬೇಕು. ಅವುಗಳ ಹಬ್ಬ ಅಲ್ಲೇನ್ರಿ ಇವತ್ತು!" ಎಂದು ಕೊಂಪೆಯ ಹಿಂದೆ ಕಟ್ಟಿದ್ದ ಎತ್ತುಗಳ ಕಡೆ ನಡೆದರು. ಒಂದೊಂದೇ ಕಡಬು ತೆಗೆದು, ಹಣೆಗೆ ಒತ್ತಿಕೊಂಡು, ಎತ್ತಿನ ಬಾಯಿಗೆ ಇಟ್ಟರು. ಎಲ್ಲರೂ ಭಕ್ತಿಯಿಂದ ನೋಡುತ್ತಿದ್ದರು. ಎತ್ತಿಗೆ ತಿನ್ನಿಸಬೇಡಿ ಎಂದು ಯಾವ ಬಾಯಿಂದ ಹೇಳುವುದು? ಖಾಲಿ ಡಬ್ಬಿ ನನ್ನ ಕೈಗೆ ಕೊಟ್ಟು, "ಪುಣ್ಯಾ ಬಂತು ನಿಮ್ಮವ್ವಗ" ಎಂದರು.

ಸಂಜೆ ಅವ್ವ ಬಾಗಿಲಲ್ಲೇ ನಿಂತಿದ್ದಳು. "ತಿಂದ್ರೇನು? ಏನಂದ್ರು?"

"ಭಾಳ ಛಲೋ ಆಗ್ಯಾವಂದ್ರು" ಎಂದೆ. ಮತ್ತೇನು ಹೇಳಬೇಕಿತ್ತು?

ಅವ್ವನ ಮುಖ ಅರಳಿತು. ಅಂದಿನಿಂದ ಪ್ರತಿ ವರ್ಷ ದೊಡ್ಡಬಾಯಾರಿಗೆಂದೇ ಕಡಬು ಕಟ್ಟಿಕೊಡತೊಡಗಿದಳು. ಒಲ್ಲೆ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೀಗಾಗಿ ಒಯ್ಯುತ್ತಿದ್ದೆ. ದೊಡ್ಡಬಾಯಾರು ಅದನ್ನೊಂದು ಪದ್ಧತಿಯನ್ನೇ ಮಾಡಿಬಿಟ್ಟರು. "ಸಂತಪುರದ ಕಡಬು ಬಂತು, ಎತ್ತು ತಯಾರ್ ಮಾಡ್ರಿ" ಎನ್ನುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಹಲ್ಲು ಕಚ್ಚಿಕೊಂಡು ನಾನೂ ನಗುತ್ತಿದ್ದೆ. ಒಳಗೊಳಗೇ ಒಂದು ಆಣೆ ಹಾಕಿಕೊಂಡೆ. ನಮ್ಮ ಮನೆಯ ಕಡಬು ಒಂದು ದಿನ ಈ ಹೆಂಗಸಿನ ಗಂಟಲು ಇಳಿಯಬೇಕು, ಇಳಿಯುವುದನ್ನು ನಾನು ಎದುರಿಗೆ ಕೂತು ನೋಡಬೇಕು.

ಇದನ್ನೆಲ್ಲ ಓದಿ ಅವರನ್ನು ರಾಕ್ಷಸಿ ಎಂದುಕೊಂಡರೆ ನನ್ನ ಕಷ್ಟ ನಿಮಗೆ ಅರ್ಥವಾಗಲಿಲ್ಲ ಎಂದಾಯಿತು. ರಾಕ್ಷಸಿಯಾಗಿದ್ದರೆ ಎಷ್ಟು ಹಗುರಿತ್ತು! ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು, ನಮ್ಮವರ ಪೈಕಿ ಹುಡುಗಿ, ಮದುವೆಗೆಂದು ಶಾಲೆ ಬಿಡಿಸಿದ್ದರು. ದೊಡ್ಡಬಾಯಾರು ನನ್ನನ್ನು ಕರೆದುಕೊಂಡು ಔರಾದಕ್ಕೆ ಹೋದರು. ಆ ಮನೆಯ ಅಂಗಳದಲ್ಲಿ ಬಿಸಿಲಲ್ಲಿ ನಿಂತು ಹುಡುಗಿಯ ಅಪ್ಪನಿಗೆ ಹಾಕಿದ ಗದರಿಕೆ ಓಣಿಗೆಲ್ಲ ಕೇಳಿಸಿತು.

"ಭಜ್ಜಿ ಅವಸರದಾಗ ಆಗಂಗಿಲ್ಲ, ಹುಡುಗಿ ಬಾಳೇವು ಅವಸರದಾಗ ಆಗ್ತದೇನೋ? ನಾಳಿಗಿ ಆಕಿ ಸಾಲ್ಯಾಗ ಕಾಣ್ಲಿಲ್ಲಂದ್ರ ಪೋಲೀಸರನ್ನ ಕರಕೊಂಡ ಬರ್ತೇನಿ!"

ಮರುದಿನ ಹುಡುಗಿ ಶಾಲೆಗೆ ಬಂದಳು. ಈಗ ಔರಾದದಲ್ಲೇ ಡಾಕ್ಟರಾಗಿದ್ದಾಳೆ. ಆದರೆ ಅವತ್ತು ಆ ಮನೆಯ ತಾಯಿ ಅಳುತ್ತ, "ಒಳಗ ಬರ್ರಿ ಬಾಯಾರ, ಒಂದು ಕಪ್ಪು ಚಾ ಕುಡೀರಿ" ಎಂದಾಗ ದೊಡ್ಡಬಾಯಾರು "ನಾ ಚಾ ಬಿಟ್ಟೇನವ್ವ" ಎಂದರು. ಹೊಸ್ತಿಲು ದಾಟಲಿಲ್ಲ. ಬೀದರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರೇ ಹೋಟೆಲ್ಲಿಗೆ ಹೋಗಿ ಎರಡು ಕಪ್ ಚಹಾ ಕುಡಿದರು. ಎದುರಿಗೆ ನಾನು ಕೂತಿದ್ದೆ. ನನ್ನ ಚಹಾದ ದುಡ್ಡನ್ನೂ ಅವರೇ ಕೊಟ್ಟರು. ಹುಡುಗಿಗಾಗಿ ಜೀವ ಕೊಟ್ಟಾರು, ಅವಳ ಮನೆಯ ನೀರು ಮುಟ್ಟಲಾರರು. ಇಂಥವರನ್ನು ಹೇಗೆ ದ್ವೇಷಿಸಬೇಕೋ ನೀವೇ ಹೇಳಿ. ನಾನು ಹೇಗೋ ಕಲಿತೆ.

ಅವರು ನಿವೃತ್ತರಾಗುವ ವರ್ಷ ಮೈದುನಂದಿರು ಪಾಲು ಮಾಡಿಕೊಂಡರು. ಭಾಲ್ಕಿಯ ಹೊಲ ಇವರ ಪಾಲಿಗೆ ಬರಲಿಲ್ಲ. ಈ ಸಲ ಎಳ್ಳಮಾಸಿ ಎಲ್ಲಿ ಎಂದು ಸ್ಟಾಫ್‌ರೂಮಿನಲ್ಲಿ ಮಾತು ಬಂತು. ಕಾಯುತ್ತಿದ್ದವಳ ಹಾಗೆ ಎದ್ದು ನಿಂತೆ.

"ಸಂತಪುರಕ್ಕ ಬರ್ರಿ, ನಮ್ಮ ಹೊಲಕ್ಕ. ದೊಡ್ಡಬಾಯಾರ ನಿವೃತ್ತಿ ಊಟಾನೂ ಅಲ್ಲೇ ಆಗ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಬಾಯಾರು ಕರ್ಚೀಫಿನಿಂದ ಹಣೆ ಒರೆಸಿಕೊಂಡರು. ತಮ್ಮದೇ ಸನ್ಮಾನದ ಊಟಕ್ಕೆ ಬರುವುದಿಲ್ಲ ಎನ್ನುವುದು ಹೇಗೆ?

"ಅಡಗಿಗಿ ನಮ್ಮ ಪೈಕಿ ಒಬ್ಬಾವ ಅದಾನ, ಕಳಸ್ತೇನಿ. ನಿಮ್ಮವ್ವಗ ವಯಸ್ಸಾಗ್ಯದ" ಎಂದರು.

"ಬ್ಯಾಡ್ರಿ. ನಮ್ಮವ್ವಗ ನೀವು ಬರೋದs ದೊಡ್ಡದು, ತ್ರಾಸ ಅನಸಂಗಿಲ್ಲ."

"ಹಂಗಾರ ಎಲ್ಲಾರೂ ಒಂದೊಂದು ಮಾಡಿಕೊಂಡು ಬರೋಣ."

"ಯಾರೂ ಏನೂ ತರಬ್ಯಾಡ್ರಿ. ಬರೀ ಕೈಲೆ ಬರಬಾರ್ದು ಅಂತ ನಿಮಗ ಅನಸಿದ್ರ, ಬಾಯಾರ, ಬಾಳಿಹಣ್ಣು ತರ್ರಿ."

ಕಮಠಾಣದ ಬಾಯಾರು ನೀರು ಕುಡಿಯುತ್ತಿದ್ದವರು ಕೆಮ್ಮತೊಡಗಿದರು. ದೊಡ್ಡಬಾಯಾರು ನನ್ನನ್ನು ಒಂದು ಸಲ ನೋಡಿ, "ಆಯ್ತವ್ವ" ಎಂದರು. ಆ ಸಂಜೆ ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಊರಿಗೆ ಬಂದೆ.

ಆಮೇಲೆ ಊಟದ ಯೋಜನೆಗೆ ಕೂತೆ. ಉಣ್ಣುವವರು ಯಾರು ಎಂದು ಮೊದಲು ತಿಳಿದುಕೊಳ್ಳಬೇಕಲ್ಲ? ನಮ್ಮಂಥವರ ಮನೆಯಲ್ಲಿ ಉಣ್ಣದಿರಲು ಅವರು ಇಷ್ಟು ವರ್ಷ ಹೇಳಿದ ನೆಪಗಳೆಲ್ಲ ನನಗೆ ಬಾಯಿಪಾಠ. ಒಂದೊಂದು ನೆಪಕ್ಕೆ ಒಂದೊಂದು ಅಡುಗೆ ಹೂಡಿದೆ. ಅಮಾವಾಸ್ಯೆಗೆ ಉಳ್ಳಾಗಡ್ಡಿ ಬಳ್ಳೊಳ್ಳಿ ಒಲ್ಲೆ ಎನ್ನುತ್ತಾರೆ, ಅದಕ್ಕೆ ಎರಡನ್ನೂ ಹೊಲದ ಹತ್ತಿರ ಸುಳಿಯಗೊಡಬಾರದು. ಹಲ್ಲು ನೋವು ಎನ್ನುತ್ತಾರೆ, ಅದಕ್ಕೆ ಖಡಕ್ ರೊಟ್ಟಿಯ ಜೊತೆ ಬಿಸಿ ಮೆತ್ತನೆಯ ರೊಟ್ಟಿಯೂ ಇರಬೇಕು. ಹೊರಗಿನ ನೀರು ಆಗುವುದಿಲ್ಲ ಎನ್ನುತ್ತಾರೆ, ಅದಕ್ಕೆ ಸೀಲು ಒಡೆಯದ ಬಾಟಲಿ ನೀರು. ಮನೆಯಲ್ಲೇ ಉಂಡು ಬಂದೆ ಎನ್ನುತ್ತಾರೆ, ಅದಕ್ಕೆ ಕ್ರೂಸರ್ ಗಾಡಿಯನ್ನು ಬೆಳಗಾಗುತ್ತಲೇ ಅವರ ಬಾಗಿಲಿಗೆ ಕಳಿಸಬೇಕು, ಊಟಕ್ಕೆ ಮಾತ್ರ ಹೊತ್ತು ಏರಿದ ಮೇಲೆ ಕೂರಿಸಬೇಕು. ಸಕ್ಕರೆ ಕಾಯಿಲೆ ಎನ್ನುತ್ತಾರೆ. ಇದಕ್ಕೆ ಬಹಳ ತಲೆ ಕೆಡಿಸಿಕೊಂಡು ಕೊನೆಗೆ ಔರಾದದ ಆ ಡಾಕ್ಟರ್ ಹುಡುಗಿಯನ್ನೇ ಊಟಕ್ಕೆ ಕರೆದೆ.

ಉಳಿದದ್ದು ಎತ್ತು. ತಮ್ಮನಿಗೆ ಹೇಳಿದೆ, ಹಬ್ಬದ ದಿನ ಎತ್ತುಗಳನ್ನು ಮಾವನ ಹೊಲಕ್ಕೆ ಹೊಡೆದುಬಿಡು ಎಂದು.

"ಅಕ್ಕಾ, ತಲಿ ಕೆಟ್ಟದೇನ ನಿನಗ?" ಎಂದು ಅವನು ಹಾರಾಡಿದ. "ಎಳ್ಳಮಾಸಿ ದಿನ ಎತ್ತು ಹೊಲದಾಗ ಇಲ್ಲಂದ್ರ ಮಂದಿ ಬಾಯಾಗ ಉಗಳ್ತಾರ!"

"ಉಗಳ್ಲಿ. ಎತ್ತೂ ಇರಬಾರ್ದು, ಆಕಳೂ ಇರಬಾರ್ದು. ನಾಯಿನೂ ಮನ್ಯಾಗs ಕಟ್ಟಿ ಬಾ."

"ಅಡಗಿ ಮಾಡಾಕತ್ತೀಯೋ, ಕೋಟಿ ಕಟ್ಟಾಕತ್ತೀಯೋ?" ಎಂದ. ಎತ್ತುಗಳಿಗೆ ಹಿಂದಿನ ದಿನವೇ ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ, ಮೈ ಸವರಿ ಕಳಿಸಿದೆ. ಅವುಗಳ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಆ ದಿನ ದೊಡ್ಡಬಾಯಾರು ಒಂದು ಗೊನೆ ಬಾಳೆಹಣ್ಣು ತಂದೇ ಬಿಟ್ಟರು. ತಮ್ಮ ಮಾತಿಗೆ ಅವರು ತಪ್ಪುವವರಲ್ಲ. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಅವರ ಕಾಲಿಗೆರಗಲು ಬಗ್ಗಿದಳು, ನಾನು ರಟ್ಟೆ ಹಿಡಿದು ನಿಲ್ಲಿಸಿದೆ. ಚರಗ ಚೆಲ್ಲಿಯಾಯಿತು, ಪಂಕ್ತಿ ಕೂತಿತು. ಅವರ ಎದುರಿಗೇ ನಾನು ಕೂತೆ. ಅವ್ವ ಬಡಿಸುತ್ತ ಬಂದಳು.

"ನನಗ ಬಳ್ಳೊಳ್ಳಿ ನಡ್ಯಂಗಿಲ್ಲವ್ವ" ಎಂದು ದೊಡ್ಡಬಾಯಾರು ಶುರು ಮಾಡಿದರು.

"ಹಾಕಿಲ್ರಿ" ಎಂದೆ.

"ರೊಟ್ಟಿ ಹಲ್ಲಿಗಿ..."

"ಮೆತ್ತನ್ನವು ಅದಾವ್ರಿ. ಬಿಸೀವು."

"ಸಕ್ರಿ ಅದ ನೋಡು ನನಗ, ಸೀ ಬ್ಯಾಡ."

ಪಕ್ಕದಲ್ಲಿ ಕೂತ ಡಾಕ್ಟರ್ ಹುಡುಗಿಗೆ ನನ್ನ ಹೊಟ್ಟೆಯೊಳಗಿನದು ಒಂದೂ ಗೊತ್ತಿರಲಿಲ್ಲ. ಪ್ರೀತಿಯಿಂದಲೇ ಹೇಳಿದಳು, "ಒಂದು ಕಡಬಿಗೆ ಏನೂ ಆಗಂಗಿಲ್ರಿ ಬಾಯಾರ, ನಾ ಇದ್ದೇನಿ, ತಿನ್ರಿ."

ದೊಡ್ಡಬಾಯಾರು ತಟ್ಟೆಯ ಮೇಲಿನ ಕಡಬನ್ನು ನೋಡಿದರು. ಸುತ್ತಮುತ್ತ ನೋಡಿದರು. ಕಡಬನ್ನು ಎತ್ತಿಕೊಂಡು ಏಳಲು ಹೋದರು. "ಮೊದಲ ಎತ್ತಿಗಿ ಕೊಟ್ಟ ಬರ್ತೇನಿ. ಎಲ್ಲಿ ಕಟ್ಟೀರಿ?"

"ಮಾವನ ಹೊಲಕ್ಕ ಹೋಗ್ಯಾವ್ರಿ."

"ಆಕಳ?"

"ಅದೂ ಹೋಗ್ಯದ್ರಿ ಬಾಯಾರ. ಇವತ್ತು ಇಲ್ಲಿ ನಾವು ಮನಷ್ಯಾರs ಅದೀವಿ."

ಅವರು ಮೆಲ್ಲಗೆ ಕೂತರು. ನನಗೆ ಎಲ್ಲ ಹೇಳಿಬಿಡುವ ಆಸೆ ಗಂಟಲಿಗೆ ಬಂದಿತ್ತು. ಇಡೀ ಸ್ಟಾಫಿನ ಎದುರು, ಚಮಚದಿಂದ ಹಿಡಿದು ಎತ್ತಿನವರೆಗೆ. ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಅವರ ಮುಂದೆ ಮಂಡಿಯೂರಿ ಕೂತುಬಿಟ್ಟಳು.

"ನನ್ನ ಕಡಬು ನಿಮಗ ಭಾಳ ಸೇರ್ತಾವಂತ ನಮ್ಮ ಹುಡಿಗಿ ವರ್ಷಾ ವರ್ಷಾ ಬಂದು ಹೇಳ್ತಾಳ್ರಿ ಬಾಯಾರ. ಅದಕ್ಕs ಕಳಸ್ತೀನಿ. ಇವತ್ತು ನನ್ನ ಕಣ್ಮುಂದ ತಿನ್ರಿ, ನಾ ನೋಡ್ತೀನಿ."

ದೊಡ್ಡಬಾಯಾರು ನನ್ನ ಕಡೆ ನೋಡಿದರು. ನಾನು ಅವ್ವನಿಗೆ ಪ್ರತಿ ವರ್ಷ ಏನು ಹೇಳುತ್ತ ಬಂದಿದ್ದೆ ಎಂದು ಅವರಿಗೆ ಆಗ ತಿಳಿಯಿತು. ನನ್ನ ಬಾಯಿ ಮುಚ್ಚಿತು. ಅವರು ಕಡಬನ್ನು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನ ಅಗಿದರು. ಪೂರ್ತಿ ಒಂದು ತಿಂದರು. ಗಂಟಲು ಇಳಿಯುವುದನ್ನು ನಾನು ಕಣ್ಣು ಪಿಳುಕಿಸದೆ ನೋಡಿದೆ.

"ಹ್ಯಾಂಗ ಆಗ್ಯಾವ್ರಿ?" ಅವ್ವ ಕೇಳಿದಳು.

"ಈ ಸಲ ಯಾಲಕ್ಕಿ ಜರಾ ಕಡಿಮಿ ಬಿದ್ದದವ್ವ" ಎಂದರು ದೊಡ್ಡಬಾಯಾರು. "ಹೋದ ವರ್ಷ ಬರೋಬರ್ ಇತ್ತು."

ಅವ್ವ ಹಿಗ್ಗಿ ಹೀರೇಕಾಯಿಯಾದಳು. "ಖರೆ ಖರೆ! ಈ ಸಲ ಯಾಲಕ್ಕಿ ಮುಗದಿತ್ರಿ! ನೋಡವ್ವ, ಎಷ್ಟ ನೆನಪಿಟ್ಟಾರ!" ಎಂದು ನನ್ನ ತೊಡೆ ತಟ್ಟಿದಳು. ಹೋದ ವರ್ಷದ್ದನ್ನು ತಿಂದದ್ದು ಎತ್ತು! ಒಂದೇ ಒಂದು ಕಡಬು ತಿಂದು, ಅಷ್ಟೂ ವರ್ಷದ ಕಡಬುಗಳನ್ನು ಈ ಹೆಂಗಸು ತನ್ನ ಹೊಟ್ಟೆಗೆ ಜಮಾ ಮಾಡಿಕೊಂಡಿತು. ಅವ್ವನ ಆ ಮುಖದ ಎದುರು ನಾನು ತುಟಿ ಬಿಚ್ಚುವ ಹಾಗಿಲ್ಲ. ಅವರು ಅವ್ವನ ಮಾನ ಕಾದರೋ, ತಮ್ಮ ಮಾನವನ್ನೋ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಗಾಡಿ ಹತ್ತುವಾಗ ಅವರು ನನ್ನ ಕಿವಿಯ ಹತ್ತಿರ ಬಂದು, "ನಿಮ್ಮವ್ವ ಭಾಳ ದೊಡ್ಡಾಕಿ" ಎಂದರು. ನನ್ನ ಸಿಟ್ಟು ಇನ್ನೇನು ಕರಗಬೇಕು, ಅಷ್ಟು ಮೆತ್ತಗಾಗಿತ್ತು.

ಕರಗದ ಹಾಗೆ ಅವರೇ ಮಾಡಿದರು. ಮರುದಿನ ಕಮಠಾಣದ ಬಾಯಾರು ನನ್ನನ್ನು ಮೂಲೆಗೆ ಕರೆದು ಹೇಳಿದರು. ಸಂತಪುರ ದಾಟುತ್ತಲೇ ದೊಡ್ಡಬಾಯಾರು ಗಾಡಿ ನಿಲ್ಲಿಸಲು ಹೇಳಿದರಂತೆ. ತೊಗರಿ ಹೊಲದ ಮರೆಗೆ ಹೋಗಿ ಗಂಟಲಿಗೆ ಬೆರಳು ಹಾಕಿ ಕಾರಿಕೊಂಡರಂತೆ. ಆಮೇಲೆ ನಾನು ಕೊಟ್ಟ ಸೀಲು ಬಾಟಲಿಯ ನೀರಿನಿಂದ ಕೊನೆಯ ಹನಿಯವರೆಗೆ ಬಾಯಿ ಮುಕ್ಕಳಿಸಿದರಂತೆ.

"ಡಾಕ್ಟ್ರು ಸಕ್ರಿ ಬ್ಯಾಡಂದಾರ, ಅದಕ್ಕs ಅಂದ್ರವ್ವ" ಎಂದರು ಕಮಠಾಣದ ಬಾಯಾರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಅವ್ವನಿಗೆ ಇದನ್ನೂ ಹೇಳಲಿಲ್ಲ. ಸಿಟ್ಟನ್ನು ಹಾಗೇ ಇಟ್ಟುಕೊಂಡೆ. ನಿವೃತ್ತರಾಗಿ ಅವರು ಭಾಲ್ಕಿ ಸೇರಿದರು, ನಾನು ಒಮ್ಮೆಯೂ ಹೋಗಿ ಮಾತಾಡಿಸಲಿಲ್ಲ. ಹೋದ ತಿಂಗಳು ಸತ್ತರೆಂದು ಫೋನು ಬಂತು. ನನ್ನ ಬಾಯಿಂದ ಹೊರಟ ಮೊದಲ ಮಾತು, "ತಪ್ಪಿಸಿಕೊಂಡ್ರು."

ಅವ್ವ ಅಳುತ್ತ ಕೂತಳು. ತೀರಿಹೋದವರಿಗೆ ಮಾಡುವ ದಿನದ ಕಾರ್ಯಕ್ಕೆ ಕರೆ ಬಂದಾಗ ಬೇಳೆ ಕುದಿಯಲು ಇಟ್ಟೇಬಿಟ್ಟಳು. ಸತ್ತವರಿಗೆ ಸೇರುತ್ತಿದ್ದದ್ದನ್ನು ಫೋಟೋದ ಮುಂದೆ ಎಡೆ ಇಡಬೇಕು, ಆ ಎಡೆಯನ್ನು ಬಂದವರೆಲ್ಲ ಹಂಚಿಕೊಂಡು ತಿನ್ನಬೇಕು. ಅದನ್ನು ಬಿಸಾಡುವುದು, ಉಗುಳುವುದು ಮಹಾಪಾಪ ಎನ್ನುತ್ತಾರೆ. "ಆಕಿಗಿ ನನ್ನ ಕಡಬು ಅಂದ್ರ ಜೀವಾ ಇತ್ತು. ನೀನs ಒಯ್ದು ಇಟ್ಟು ಬಾ" ಎಂದಳು ಅವ್ವ. ನನ್ನಿಂದ ಆಗುವುದಿಲ್ಲ ಎನ್ನಲು ಹೊರಟವಳು ತಡೆದೆ. ಆ ಮನೆಯಲ್ಲಿ, ಆ ಫೋಟೋದ ಮುಂದೆ, ಎಡೆ! ಡಬ್ಬಿಯನ್ನು ನಾನೇ ತೊಳೆದು ಕೊಟ್ಟೆ. ಇನ್ನಷ್ಟು ಮಾಡು ಎಂದೆ.

ಭಾಲ್ಕಿಯ ಮನೆ ತುಂಬ ನೆಂಟರು. ಸೊಸೆ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಬಾಯಾರಿಗಿ ಭಾಳ ಸೇರ್ತಿದ್ದುವವ್ವ, ವರ್ಷಾ ನಮ್ಮ ಮನಿಯಿಂದ ಬರ್ತಿದ್ದು" ಎಂದು ಡಬ್ಬಿ ಕೊಟ್ಟೆ. ಈ ಸುಳ್ಳಿಗೆ ಅವರೇ ಸಹಿ ಹಾಕಿದ್ದು, ಅದೂ ಅವ್ವನ ಎದುರಿಗೇ. ಸೊಸೆ ಕಣ್ಣೀರು ಒರೆಸಿಕೊಂಡು ಐದು ಕಡಬು ತೆಗೆದು ಫೋಟೋದ ಮುಂದೆ ಇಟ್ಟಳು. ಫೋಟೋದಲ್ಲಿ ದೊಡ್ಡಬಾಯಾರು ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು. ಉಣ್ರಿ ಬಾಯಾರ ಎಂದು ಮನಸ್ಸಿನಲ್ಲೇ ಅಂದು ಕೈ ಮುಗಿದೆ.

ಮಂಗಳಾರತಿ ಆಗಿ ಪಂಕ್ತಿ ಕೂತಿತು. ಎಡೆಯ ಕಡಬನ್ನು ಡಬ್ಬಿಯ ಉಳಿದವುಗಳೊಂದಿಗೆ ಸೇರಿಸಿ ಎಲ್ಲರ ತಟ್ಟೆಗೂ ಹಾಕಿದರು. ಮೊದಲನೆಯವರು ದೊಡ್ಡಬಾಯಾರ ಅಣ್ಣ. ತಲೆಗೆ ಬಿಳಿ ಪಟಗ ಸುತ್ತಿದ ಹಿರಿಯರು, ಆ ಮನೆಯಲ್ಲಿ ಅವರ ಮಾತೇ ಕೊನೆಯದು. ಕಡಬು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಆಹಾ. ಏನ್ ಹದಾ! ಯಾರ ಕೈಯಾಂದಿದು?"

"ನಮ್ಮವ್ವನ ಕೈದ್ರಿ, ಕಾಕಾ" ಎಂದೆ. ನೀರಿನ ತಂಬಿಗೆ ಹಿಡಿದು ನಾನು ಅಲ್ಲೇ ನಿಂತಿದ್ದೆ.

"ಯಾವೂರವ್ವ?"

"ಸಂತಪುರ್ರಿ."

"ಸಂತಪುರದಾಗ ಎಲ್ಲಿ? ಯಾವ ಓಣಿ?" ಎಂದು ಕೇಳುತ್ತ ಎರಡನೆಯ ಕಡಬು ಪೂರ್ತಿ ಬಾಯಿಗೆ ಹಾಕಿಕೊಂಡರು.

"ಭೀಮನಗರ್ರಿ."

ದವಡೆ ನಿಂತಿತು. ಪಂಕ್ತಿಯಲ್ಲಿ ಒಂದೊಂದೇ ಕೈ ತಟ್ಟೆಯ ಮೇಲೆ ನಿಂತವು. ಎದುರಿಗೆ ತಂಗಿಯ ಫೋಟೋ, ಬಾಯಲ್ಲಿ ತಂಗಿಯ ಎಡೆ. ಉಗುಳುವ ಹಾಗಿಲ್ಲ. ಅವರ ಕಣ್ಣು ಕೆಂಪಾದವು, ಕೆಮ್ಮು ಬಂತು, ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮನ್ನೂ ಒಳಗೇ ನುಂಗಿದರು. ಉಸಿರು ಕಟ್ಟಿ ಮೈಯೆಲ್ಲ ಅಲುಗಾಡಿತು. ಯಾರೂ ಏಳಲಿಲ್ಲ.

ನಾನು ಬಗ್ಗಿ ಅವರ ಲೋಟಕ್ಕೆ ನೀರು ಹಾಕಿದೆ. "ಗಂಟಲಿಗಿ ಹತ್ತೀತ್ರಿ ಕಾಕಾ, ಕುಡೀರಿ" ಎಂದೆ.

ಕುಡಿದರು.